ದಸರೆಯ ರಜೆಯೂ ನಮ್ಮ ಚಿತ್ರಗಳ ಆಯ್ಕೆಯೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಿಂತು ಸಿನಿಮಾದ ಮಾತನ್ನಾಡುವುದೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇಂತಹ ಸಭೆಗಳಲ್ಲಿ ಶಾಸನಗಳ ಮಾತು, ಶರಣರ ಮಾತು, ಗಡಿಯ ಸಮಸ್ಯೆಗಳ ಮಾತು ನಡೆಯುವುದು ವಾಡಿಕೆ. ಅವುಗಳನ್ನು ನಮಗಿಂತ ಬಲ್ಲವರು ಚೆನ್ನಾಗಿ ಆಡಿದ್ದಾರೆ, ಮುಂದೆಯೂ ಆಡುವರು. ನಾವು ಎತ್ತಿಕೊಂಡಿರುವ ವಿಷಯ ಚಿಕ್ಕದು. ಮಕ್ಕಳಿಗೆ ಶಾಲೆಯ ರಜೆ ಬಂದು, ಅದೇ ವಾರದಲ್ಲಿ ನಾಲ್ಕಾರು ಹೊಸ ಚಿತ್ರಗಳು ತೆರೆಕಂಡಾಗ ಯಾವುದಕ್ಕೆ ಹೋಗತಕ್ಕದ್ದು ಎಂಬುದಷ್ಟೇ ಅದು.

ವಿಷಯ ಚಿಕ್ಕದಾದರೂ ಅದರಲ್ಲಿ ಒಂದು ಗಟ್ಟಿ ಕಾಳಿದೆಯೆಂದು ನಾವು ಬಗೆದಿದ್ದೇವೆ. ಗಡಿನಾಡಿನ ಮನೆಯಲ್ಲಿ ಮಗು ಯಾವ ನುಡಿಯಲ್ಲಿ ಓದಬೇಕೆಂಬುದನ್ನು ಶಾಲೆ ತೀರ್ಮಾನಿಸುತ್ತದೆ. ಅರ್ಜಿಯನ್ನು ಯಾವ ನುಡಿಯಲ್ಲಿ ಬರೆಯಬೇಕೆಂಬುದನ್ನು ಕಚೇರಿ ತೀರ್ಮಾನಿಸುತ್ತದೆ. ಸಂತೆಯಲ್ಲಿ ನಾವು ಆಡುವ ಮಾತು ಎದುರಿಗೆ ನಿಂತ ಗಿರಾಕಿಯ ಮೇಲೆ ನಿಂತಿರುತ್ತದೆ. ಮಕ್ಕಳನ್ನು ಕರೆದುಕೊಂಡು ಯಾವ ಚಿತ್ರಕ್ಕೆ ಹೋಗಬೇಕು, ಅದನ್ನು ಯಾವ ನುಡಿಯಲ್ಲಿ ನೋಡಬೇಕು ಎಂಬ ತೀರ್ಮಾನವೊಂದು ಮಾತ್ರ ಇನ್ನೂ ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಕೈಯಲ್ಲಿರುವುದನ್ನು ಲಘುವಾಗಿ ಕಾಣಬಾರದೆಂಬುದೇ ಇಂದಿನ ನಮ್ಮ ಬಿನ್ನಹ.

2025ರ ದಸರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತೆಲಂಗಾಣದ ಶಾಲೆಗಳಿಗೆ ಸೆಪ್ಟೆಂಬರ್ 21ರಿಂದ ಅಕ್ಟೋಬರ್ 3ರವರೆಗೆ ರಜೆ ಇತ್ತು. ಬತುಕಮ್ಮನ ಹಾಡುಗಳು ಬೀದಿ ಬೀದಿಯಲ್ಲಿ ಕೇಳುತ್ತಿದ್ದುವು. ಆ ವರ್ಷ ವಿಜಯದಶಮಿಯೂ ಗಾಂಧೀ ಜಯಂತಿಯೂ ಒಂದೇ ದಿನ, ಅಕ್ಟೋಬರ್ 2ರ ಗುರುವಾರ, ಕೂಡಿ ಬಂದುವು. ಇಂತಹ ದಿನಗಳಿಗೆ ಚಿತ್ರೋದ್ಯಮದವರು ತಿಂಗಳುಗಟ್ಟಲೆ ಮೊದಲೇ ಗುರಿಯಿಟ್ಟಿರುತ್ತಾರೆ. ಸೆಪ್ಟೆಂಬರ್ 25ರಂದು ಪವನ್ ಕಲ್ಯಾಣರ ತೆಲುಗು ಚಿತ್ರ 'ಓಜಿ' ಬಂದಿತು. ಅಕ್ಟೋಬರ್ 1ರಂದು ಧನುಷ್ ನಿರ್ದೇಶಿಸಿ ನಟಿಸಿದ ತಮಿಳು ಚಿತ್ರ 'ಇಡ್ಲಿ ಕಡೈ', ತೆಲುಗಿನಲ್ಲಿ 'ಇಡ್ಲಿ ಕೊಟ್ಟು' ಎಂಬ ಹೆಸರಿನಿಂದ ಬಂದಿತು. ಮರುದಿನ, ಹಬ್ಬದಂದೇ, ರಿಷಬ್ ಶೆಟ್ಟಿಯವರ ಕನ್ನಡ ಚಿತ್ರ 'ಕಾಂತಾರ'ದ ಮೊದಲ ಅಧ್ಯಾಯವೂ, 'ಸನ್ನಿ ಸಂಸ್ಕಾರಿ ಕೀ ತುಲಸಿ ಕುಮಾರಿ' ಎಂಬ ಹಿಂದೀ ಚಿತ್ರವೂ ತೆರೆಕಂಡುವು. ಎಂಟು ದಿನಗಳಲ್ಲಿ ನಾಲ್ಕು ನಾಡುಗಳ ನಾಲ್ಕು ಚಿತ್ರಗಳು! ನಮ್ಮ ಮನೆಯಲ್ಲಾದರೋ ಹತ್ತನೆಯ ತರಗತಿಯ ಮಗ, ಎಂಟನೆಯ ತರಗತಿಯ ಮಗಳು, ಆರು ವರ್ಷದ ಕಿರಿಯವನು, ಮೇಲೆ ಎಪ್ಪತ್ತು ದಾಟಿದ ನಮ್ಮ ತಾಯಿ. ಇಷ್ಟು ಜನಕ್ಕೆ ಇಷ್ಟು ಚಿತ್ರಗಳಲ್ಲಿ ಯಾವುದು ಹೊಂದೀತು?

ಆಯ್ಕೆಯ ಮೊದಲನೆಯ ಪ್ರಶ್ನೆ ವಯಸ್ಸಿನದು. ಇದನ್ನು ನಾವು ಬಹುಮಟ್ಟಿಗೆ ಮರೆತೇಬಿಡುತ್ತೇವೆ. ನಮ್ಮ ದೇಶದಲ್ಲಿ ಚಿತ್ರಗಳಿಗೆ ಪ್ರಮಾಣಪತ್ರ ಕೊಡುವ ಕ್ರಮ 1952ರ ಚಲಚ್ಚಿತ್ರ ಕಾಯಿದೆಯ ಮೇಲೆ ನಿಂತಿದೆ. ಬಹುಕಾಲ ಎರಡೇ ಬಗೆಗಳಿದ್ದುವು: ಎಲ್ಲರೂ ನೋಡಬಹುದಾದ 'ಯು', ವಯಸ್ಕರು ಮಾತ್ರ ನೋಡತಕ್ಕ 'ಎ'. 1983ರಲ್ಲಿ ಇವೆರಡರ ನಡುವೆ 'ಯು/ಎ' ಎಂಬುದು ಸೇರಿತು. 2023ರ ತಿದ್ದುಪಡಿಯಿಂದ ಈ ನಡುವಣ ವರ್ಗವೇ ಏಳು ವರ್ಷ, ಹದಿಮೂರು ವರ್ಷ, ಹದಿನಾರು ವರ್ಷ ಎಂಬ ಮೂರು ಮೆಟ್ಟಿಲುಗಳಾಯಿತು. ಇವುಗಳ ನಡುವಣ ಅಂತರವನ್ನು ತಂದೆತಾಯಿಗಳು ಸರಿಯಾಗಿ ತಿಳಿಯಬೇಕು. 'ಎ' ಎಂದಿದ್ದರೆ ಹದಿನೆಂಟು ತುಂಬದವರಿಗೆ ಅದು ಮುಚ್ಚಿದ ಬಾಗಿಲು. ತಂದೆ ಜೊತೆಗಿದ್ದರೂ ಅಷ್ಟೇ. 'ಯು/ಎ'ಯ ಮುಂದಿನ ಅಂಕಿ ಬಾಗಿಲನ್ನು ಮುಚ್ಚುವುದಿಲ್ಲ. ಇದಕ್ಕಿಂತ ಕಿರಿಯ ಮಗುವಾದರೆ ನೀವೇ ಯೋಚಿಸಿ ನಿರ್ಧರಿಸಿರಿ ಎಂದು ಹಿರಿಯರಿಗೆ ಹೇಳುತ್ತದೆ. ಎಂದರೆ ಸರಕಾರ ಅರ್ಧ ಹೊಣೆಯನ್ನು ನಮಗೆ ಒಪ್ಪಿಸಿದೆ.

'ಓಜಿ'ಗೆ ಸಿಕ್ಕಿದ್ದು 'ಎ' ಪ್ರಮಾಣಪತ್ರ. ನಮ್ಮ ಹಿರಿಯ ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಗೆಳೆಯರೆಲ್ಲ ಅದೇ ಮಾತನ್ನಾಡುತ್ತಿರುವಾಗ ತಾನೊಬ್ಬನೇ ಮನೆಯಲ್ಲಿರುವುದು ಆ ವಯಸ್ಸಿಗೆ ದೊಡ್ಡ ಶಿಕ್ಷೆಯೇ ಸರಿ. ಆದರೂ ನಾವು ಒಪ್ಪಲಿಲ್ಲ. ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ನಮ್ಮದಲ್ಲ. ಅದು ಅವನ ವಯಸ್ಸಿಗೆ ಮಾಡಿದ ಚಿತ್ರವಲ್ಲ, ಅಷ್ಟೇ. 'ಕಾಂತಾರ'ದ ಮೊದಲ ಅಧ್ಯಾಯಕ್ಕೆ ಹದಿನಾರರ ಗುರುತಿನ 'ಯು/ಎ' ದೊರೆತಿತ್ತು. ಕಿರಿಯವನನ್ನು ಅದಕ್ಕೆ ಕರೆದೊಯ್ಯುವುದಿಲ್ಲವೆಂದು ಅಂದೇ ನಿಶ್ಚಯಿಸಿದೆವು. ಮಗಳ ವಿಷಯದಲ್ಲಿ, ಮೊದಲು ಹಿರಿಯರು ನೋಡಿ ಬಂದು ಆಮೇಲೆ ಯೋಚಿಸೋಣ ಎಂದುಕೊಂಡೆವು. ಈ ಕ್ರಮವನ್ನು ಎಲ್ಲ ಮನೆಗಳಿಗೂ ನಾವು ಧೈರ್ಯವಾಗಿ ಹೇಳಬಲ್ಲೆವು.

ಎರಡನೆಯ ಪ್ರಶ್ನೆ ಹಣದ್ದು. ಇದನ್ನು ಬೇಗ ಮುಗಿಸೋಣ. ತೆಲಂಗಾಣದಲ್ಲಿ ದೊಡ್ಡ ಚಿತ್ರಗಳ ಮೊದಲ ದಿನಗಳಿಗೆ ದರ ಏರಿಸಲು ವಿಶೇಷ ಅನುಮತಿ ಕೊಡುವುದುಂಟು. ಕರ್ನಾಟಕ ಸರಕಾರ 2025ರ ಸೆಪ್ಟೆಂಬರ್ 12ರಂದು ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳ 23ರಂದು ಅಲ್ಲಿಯ ಉಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್ಟಿನ ಮೇಲಣ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅದಕ್ಕೆ ಮೇಲ್ಪಟ್ಟದ್ದಕ್ಕೆ 18 ಹಾಗೆಯೇ ಉಳಿಯಿತು. ಇವೆಲ್ಲದರ ತಾತ್ಪರ್ಯ ಇಷ್ಟೇ: ಮೊದಲ ಮೂರು ನಾಲ್ಕು ದಿನ ತಾಳಿಕೊಂಡವನ ಕಿಸೆ ಉಳಿಯುತ್ತದೆ.

ಇನ್ನು ಮೂರನೆಯ ಪ್ರಶ್ನೆ, ನುಡಿಯದು. ನಾವು ಇಲ್ಲಿ ನಿಂತಿರುವುದೇ ಅದಕ್ಕಾಗಿ.

ನಮ್ಮ ನಾರಾಯಣಖೇಡ ತಾಲ್ಲೂಕು ಹಿಂದೆ ಹೈದರಾಬಾದು ಸಂಸ್ಥಾನದ ಬೀದರ್ ಜಿಲ್ಲೆಗೆ ಸೇರಿತ್ತೆಂಬುದನ್ನು ಇಲ್ಲಿನ ಹಿರಿಯರು ಬಲ್ಲರು, ಕಿರಿಯರು ತಿಳಿಯಬೇಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಮೈಸೂರು ರಾಜ್ಯಕ್ಕೆ ಹೋಯಿತು; ನಾರಾಯಣಖೇಡವೂ ಜಹೀರಾಬಾದೂ ಆಂಧ್ರ ಪ್ರದೇಶದ ಮೆದಕ್ ಜಿಲ್ಲೆಗೆ ಬಂದುವು. ಕಲಬುರ್ಗಿ ಜಿಲ್ಲೆಯ ತಾಂಡೂರು, ಕೊಡಂಗಲ್ಲುಗಳೂ ಅಂದೇ ಈಚೆಗೆ ಬಂದುವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ನಾವು ಸಂಗಾರೆಡ್ಡಿ ಜಿಲ್ಲೆಯವರಾದೆವು. ಜಿಲ್ಲೆಯ ಹೆಸರು ಬದಲಾದರೂ ಬಾಂಧವ್ಯ ಬದಲಾಗಲಿಲ್ಲ. ಹೆಣ್ಣು ಕೊಡುವುದು ತರುವುದು, ಬೀದರಿನ ಪೇಟೆಗೆ ಹೋಗುವುದು, ಝರಾಸಂಗಮದ ಜಾತ್ರೆಯಲ್ಲಿ ಕೂಡುವುದು ನಡೆದೇ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ, ದೇಗಲೂರಿನ ಕಡೆಯವರೊಡನೆ ಮರಾಠಿ: ಹೀಗೆ ನಾಲ್ಕು ನುಡಿಗಳನ್ನು ಹೊತ್ತುಕೊಂಡೇ ನಮ್ಮ ಹಿರಿಯರು ಬಾಳಿದರು. ಅದನ್ನು ಅವರು ಭಾರವೆಂದು ತಿಳಿದಿರಲಿಲ್ಲ.

ಚಿತ್ರಗಳ ವಿಷಯದಲ್ಲಂತೂ ಇದು ಅವರಿಗೆ ಸಿರಿಯೇ ಆಗಿತ್ತು. ತೆಲುಗಿನ ಚಿತ್ರ ಊರ ಟಾಕೀಸಿಗೆ ಬಂದರೆ ಅದನ್ನು ತೆಲುಗಿನಲ್ಲಿ ನೋಡುತ್ತಿದ್ದರು. ರಾಜಕುಮಾರರ ಚಿತ್ರ ನೋಡಬೇಕೆಂದರೆ ಮಾಂಜ್ರಾ ದಾಟಿ ಬೀದರಿಗೆ ಹೋಗಿ ಕನ್ನಡದಲ್ಲಿ ನೋಡುತ್ತಿದ್ದರು. ನಮ್ಮ ತಾಯಿಯವರಿಗೆ ಮದುವೆಯಾದ ಹೊಸದರಲ್ಲಿ ತವರಿಗೆ ಹೋದಾಗಲೆಲ್ಲ ಒಂದು ಚಿತ್ರ ನೋಡುವ ಪದ್ಧತಿಯಿತ್ತಂತೆ. ಒಂದೇ ಮನೆಗೆ ಎರಡು ಬಾಗಿಲು. ಎರಡಕ್ಕೂ ಬೀಗದ ಕೈ ನಮ್ಮ ಸೆರಗಿನ ಗಂಟಿನಲ್ಲೇ ಇತ್ತು ಎಂದು ಅವರು ಹೇಳುವುದುಂಟು.

ಈ ಎರಡು ಬಾಗಿಲುಗಳ ನಡುವೆ ಗೋಡೆ ಇರಲಿಲ್ಲವೆಂಬುದನ್ನೂ ನೆನೆಯಬೇಕು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ನಿರ್ದೇಶಿಸಿದವರು ನೆಲ್ಲೂರಿನ ವೈ.ವಿ. ರಾವ್. ಚಿತ್ರೀಕರಣ ನಡೆದದ್ದು ಮರಾಠಿ ನೆಲವಾದ ಕೊಲ್ಹಾಪುರದಲ್ಲಿ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಿತು. ರಾಜಕುಮಾರರು ನಾಯಕರಾಗಿ ಬೆಳಕಿಗೆ ಬಂದರು. ಅದೇ ಕಥೆ ಅದೇ ವರ್ಷ 'ಕಾಳಹಸ್ತಿ ಮಹಾತ್ಮ್ಯಂ' ಎಂದು ತೆಲುಗಿನಲ್ಲಿ ಆಯಿತು. ಅದರಲ್ಲಿಯೂ ಕಣ್ಣಪ್ಪನಾದವರು ಅವರೇ. ಕನ್ನಡದ ಹೊರಗೆ ಅವರು ನಾಯಕರಾಗಿ ನಟಿಸಿದ ಒಂದೇ ಚಿತ್ರ ತೆಲುಗಿನದೆಂಬುದು ನಮ್ಮಂತಹ ಗಡಿಯವರಿಗೆ ಹಿತವಾದ ಸಂಗತಿ. ಅವರ ದನಿಯೇ ಎಂಬಂತೆ ಹಾಡಿದ ಪಿ.ಬಿ. ಶ್ರೀನಿವಾಸರು ಹುಟ್ಟಿದ್ದು ಕಾಕಿನಾಡದಲ್ಲಿ. ಆದುದರಿಂದ ನಾವು ಇಂದು ಹೇಳುವ ಮಾತನ್ನು ತೆಲುಗಿನ ಮೇಲಿನ ಮುನಿಸೆಂದು ಯಾರೂ ಭಾವಿಸಬಾರದು.

ಒಂದು ನುಡಿಯ ಚಿತ್ರಕ್ಕೆ ಇನ್ನೊಂದು ನುಡಿಯ ಮಾತನ್ನು ಕೂಡಿಸುವುದಕ್ಕೆ ಡಬ್ಬಿಂಗ್ ಎನ್ನುತ್ತೇವೆ. ಕರ್ನಾಟಕದಲ್ಲಿ 1960ರ ದಶಕದಲ್ಲಿ ಅ.ನ. ಕೃಷ್ಣರಾಯರು ಮೊದಲಾದವರು ಇದಕ್ಕೆ ವಿರೋಧವಾಗಿ ನಿಂತರು. ಕನ್ನಡದಲ್ಲಿಯೇ ಚಿತ್ರಗಳು ತಯಾರಾಗಬೇಕು, ಕನ್ನಡದ ಕಲಾವಿದರಿಗೆ ಕೆಲಸ ಸಿಗಬೇಕು ಎಂಬುದು ಅವರ ವಾದ. ಅಲ್ಲಿಂದ ಸುಮಾರು ಅರ್ಧ ಶತಮಾನ ಬೇರೆ ಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯನ್ನು ತಪ್ಪೆಂದಿತು. 2017ರ ಮಾರ್ಚಿಯಲ್ಲಿ ಅಜಿತ್ ಅವರ ತಮಿಳು ಚಿತ್ರವೊಂದು 'ಸತ್ಯದೇವ್ ಐ.ಪಿ.ಎಸ್.' ಎಂದು ಕನ್ನಡದಲ್ಲಿ ತೆರೆಕಂಡಿತು. ಆ ಐವತ್ತು ವರ್ಷಗಳ ತಡೆಗೆ ಗುಣದೋಷಗಳೆರಡೂ ಇದ್ದುವು. ಆದರೆ ಅದರಿಂದ ಯಾರೂ ಎಣಿಸದ ಒಂದು ಫಲ ದೊರೆಯಿತು. ಬೀದರ್, ರಾಯಚೂರು, ಬಳ್ಳಾರಿಗಳ ಕನ್ನಡಿಗರು ತೆಲುಗು ಚಿತ್ರಗಳನ್ನು ತೆಲುಗಿನಲ್ಲಿಯೇ ನೋಡಿದರು. 1980ರಲ್ಲಿ 'ಶಂಕರಾಭರಣಂ' ಬಂದಾಗ ಕರ್ನಾಟಕದ ಜನ ಅದನ್ನು ತೆಲುಗಿನಲ್ಲಿಯೇ ಕೇಳಿ ತಲೆದೂಗಿದರು. ನೆರೆಮನೆಯ ನುಡಿ ಕಿವಿಗೆ ರೂಢಿಯಾಯಿತು.

ನಮ್ಮ ಕಡೆ ನಡೆದದ್ದು ಇದಕ್ಕೆ ತಿರುಗುಮುರುಗು. ಕನ್ನಡ ಚಿತ್ರಗಳಿಗೆ ಹೊರನಾಡಿನಲ್ಲಿ ಬೇಡಿಕೆ ಕಡಮೆಯಿದ್ದ ಕಾಲದಲ್ಲಿ ಅವು ಬಹುಮಟ್ಟಿಗೆ ಕನ್ನಡದಲ್ಲಿಯೇ ಉಳಿದುವು. ನೋಡಬೇಕೆನ್ನುವವನು ಕನ್ನಡವನ್ನು ಉಳಿಸಿಕೊಳ್ಳಬೇಕಾಗಿತ್ತು. 2018ರ ಡಿಸೆಂಬರ್ 21ರಂದು 'ಕೆ.ಜಿ.ಎಫ್.' ಐದು ನುಡಿಗಳಲ್ಲಿ ಬಂದ ಮೇಲೆ ಕಾಲ ತಿರುಗಿತು. ಕನ್ನಡ ಚಿತ್ರದ ಹೆಸರು ದೇಶವೆಲ್ಲ ಹಬ್ಬಿತು, ನಾವೂ ಎದೆಯುಬ್ಬಿಸಿಕೊಂಡೆವು. ಆದರೆ ಆ ಕನ್ನಡ ಚಿತ್ರ ನಮ್ಮ ಮನೆ ಬಾಗಿಲಿಗೆ ತೆಲುಗಿನಲ್ಲಿ ಬಂದು ನಿಂತಿತು!

ಎರಡು ದಸರೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮೊದಲ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ಬಂದಾಗ ಕನ್ನಡದಲ್ಲಿ ಮಾತ್ರ ಬಂದಿತು. ಆ ವರ್ಷದ ವಿಜಯದಶಮಿ ಅಕ್ಟೋಬರ್ 5. ತೆಲುಗಿನ 'ಕಾಂತಾರ' ತೆರೆಕಂಡದ್ದು ಅಕ್ಟೋಬರ್ 15ರಂದು, ಹಬ್ಬ ಕಳೆದು ಹತ್ತು ದಿನಗಳ ಮೇಲೆ. ಆ ಎರಡು ವಾರ ನಾವು ದೊಡ್ಡ ಮನುಷ್ಯರಾಗಿದ್ದೆವು! ನೆರೆಯ ತೆಲುಗು ಮಿತ್ರರು ಕಥೆಯೇನೆಂದು ಬಂದು ಕೇಳುವರು; ಬೀದರಿಗೆ ಹೋಗಿ ನೋಡಿ ಬಂದವರು ಕಟ್ಟೆಯ ಮೇಲೆ ಕುಳಿತು ಹೇಳುವರು. ಕನ್ನಡ ಬಲ್ಲವನಿಗೆ ಒಂದು ಬೆಲೆಯಿತ್ತು. ಮಕ್ಕಳು ಅದನ್ನು ಕಂಡರು. 2025ರ ದಸರೆಯಲ್ಲಾದರೋ ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿ ಎಲ್ಲದರಲ್ಲಿಯೂ ಚಿತ್ರ ಒಂದೇ ದಿನ ಬಂದಿತು. ಕನ್ನಡ ಬಲ್ಲೆವೆಂಬ ಹೆಮ್ಮೆಗೆ ಒಂದು ದಿನದ ಬಿಡುವೂ ಸಿಗಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಇದು ಸರಿಯೇ. ಕೋಟಿಗಟ್ಟಲೆ ಸುರಿದವರು ಹಾಗೆ ಮಾಡದೆ ಏನು ಮಾಡಿಯಾರು? ನಮ್ಮ ಪಾಲಿಗೆ ಮಾತ್ರ ಅದರ ಅರ್ಥ ಬೇರೆ. ಕನ್ನಡ ಚಿತ್ರ ನೋಡಲು ನಮ್ಮ ಮಕ್ಕಳಿಗೆ ಇನ್ನು ಕನ್ನಡದ ಅವಶ್ಯಕತೆಯಿಲ್ಲ. ಯಾರೂ ಕಸಿದುಕೊಳ್ಳದೆಯೇ, ಅವಶ್ಯಕತೆ ತಪ್ಪಿಯೇ ಒಂದು ನುಡಿ ಮನೆಯಿಂದ ಹೋಗಿಬಿಡಬಹುದು. ಗಡಿನಾಡಿನಲ್ಲಿ ನಾವು ಅಂಜಬೇಕಾದದ್ದು ಇದಕ್ಕೆ.

ಇನ್ನು ನಮ್ಮ ಮನೆಯಲ್ಲಿ ನಡೆದುದನ್ನು ಹೇಳುವೆವು. ಊರಿನಲ್ಲಿಯೇ ತೆಲುಗಿನಲ್ಲಿ ನೋಡಿಬಿಡೋಣವೆಂದು ಮಕ್ಕಳು. ಬೀದರಿಗೆ ಹೋಗಿ ಕನ್ನಡದಲ್ಲಿ ನೋಡೋಣವೆಂದು ನಾವು. ಕೊನೆಗೆ ಹಬ್ಬದ ಮರುದಿನ ಶುಕ್ರವಾರ ನಾವು, ನಮ್ಮ ತಾಯಿ, ಹಿರಿಯ ಮಗ ಹೊರಟೆವು. ಬೀದರಿನಲ್ಲಿರುವ ಅಳಿಯ ಫೋನಿನಲ್ಲಿಯೇ ಟಿಕೆಟ್ ಕೊಂಡಿದ್ದ. ದೀಪ ಆರಿತು, ಚಿತ್ರ ಮೊದಲಾಯಿತು. ಐದು ನಿಮಿಷವಾಗಿರಲಿಕ್ಕಿಲ್ಲ, ತಾಯಿಯವರು ನಮ್ಮ ತೋಳು ಹಿಡಿದು, "ಇದು ಯಾವ ಮಾತಪ್ಪಾ? ನಮ್ಮ ಮಾತಿನದು ಅಂದಿದ್ದೆಲ್ಲ?" ಎಂದರು. ಅದು ಹಿಂದೀ ಅವತರಣಿಕೆ! ಅವಸರದಲ್ಲಿ ಅಳಿಯ ಚಿತ್ರದ ಹೆಸರನ್ನು ನೋಡಿದ್ದ. ಕೆಳಗಿದ್ದ ನುಡಿಯ ಹೆಸರನ್ನು ನೋಡಿರಲಿಲ್ಲ. ತಪ್ಪು ಚಿತ್ರಮಂದಿರದವರದಲ್ಲ, ನಮ್ಮದೇ. ಹಣ ತೆತ್ತಾಗಿತ್ತು, ಕೊನೆಯವರೆಗೂ ಕುಳಿತು ನೋಡಿದೆವು. ಹೊರಗೆ ಬಂದ ಮೇಲೆ ತಾಯಿಯವರು ಇನ್ನೇನೂ ಹೇಳದೆ, "ಕಣ್ಣಿಗೆ ಊಟ ಆಯಿತು, ಕಿವಿ ಹಸಿದೇ ಉಳಿಯಿತು" ಎಂದರು.

ಆ ತಪ್ಪಿನಿಂದ ಒಂದು ಉಪಕಾರವಾಯಿತು. ಚಿತ್ರದಲ್ಲಿ ಏನಿದೆಯೆಂಬುದು ನಮಗೆ ತಿಳಿಯಿತು. ಕದಂಬರ ಕಾಲದ ಕರಾವಳಿಯ ಕಾಡು, ಕಾಡಿನವರು ನಂಬಿದ ದೈವ, ಅರಮನೆಯವರ ಆಸೆ, ಇವುಗಳ ನಡುವಣ ಘರ್ಷಣೆ. ಕಾಳಗದ ದೃಶ್ಯಗಳು ಕೆಲವು ಕಡೆ ಭಯಂಕರವಾಗಿಯೇ ಇವೆ. ಎಲ್ಲಿ ಮಗಳ ಕೈ ಹಿಡಿದುಕೊಳ್ಳಬೇಕೆಂಬುದನ್ನು ಗುರುತುಮಾಡಿಕೊಂಡು, ಅವಳಿಗೂ ಮುಂಚಿತವಾಗಿ ಹೇಳಿ, ಅಕ್ಟೋಬರ್ 5ರ ಭಾನುವಾರ ಮತ್ತೆ ಹೋದೆವು. ಈ ಸಲ ನುಡಿಯ ಹೆಸರನ್ನು ಮೂರು ಸಲ ಓದಿ ಟಿಕೆಟ್ ಕೊಂಡೆವು.

ನಮ್ಮ ಮಗಳು ಕನ್ನಡ ಆಡಬಲ್ಲಳು, ಓದಲು ಬಾರದು. ಶಾಲೆಯಲ್ಲಿ ತೆಲುಗು, ಇಂಗ್ಲಿಷು, ಹಿಂದಿ. ತೆಲಂಗಾಣದ ಎಲ್ಲ ಶಾಲೆಗಳಲ್ಲಿಯೂ ತೆಲುಗು ಕಲಿಕೆ ಕಡ್ಡಾಯವೆಂದು 2018ರಲ್ಲಿ ಕಾಯಿದೆಯಾಗಿದೆ. ಇಲ್ಲಿ ಬಾಳತಕ್ಕವರು ಕಲಿಯಬೇಕಾದದ್ದೇ. ಕನ್ನಡದ ಅಕ್ಷರಗಳನ್ನು ಮನೆಯಲ್ಲಿ ಕಲಿಸುವೆವೆಂದು ನಾವು ಪ್ರತಿ ರಜೆಯಲ್ಲಿಯೂ ಅಂದುಕೊಂಡದ್ದು, ಪ್ರತಿ ರಜೆಯಲ್ಲಿಯೂ ಮರೆತದ್ದು. ಅಂದು ಚಿತ್ರಮಂದಿರದ ಮುಂದೆ ದೊಡ್ಡ ಭಿತ್ತಿಪತ್ರದ ಎದುರು ನಿಂತ ಹುಡುಗಿ ಇದ್ದಕ್ಕಿದ್ದಂತೆ "ಕಾಂತಾರ" ಎಂದು ಓದಿದಳು. ಚಿತ್ರದ ಹೆಸರು ಗೊತ್ತಿದ್ದುದರಿಂದ ಊಹಿಸಿರಬಹುದೆಂದು ನಾವು ಅದರ ಕೆಳಗಿನ ಚಿಕ್ಕ ಅಕ್ಷರಗಳನ್ನು ತೋರಿಸಿದೆವು. ತಡವರಿಸುತ್ತ, ಎರಡು ಕಡೆ ತಪ್ಪುತ್ತ, "ರಿಷಬ್ ಶೆಟ್ಟಿ" ಎಂದಳು. "ಇದು ನಮ್ಮ ತೆಲುಗಿನಂಗೇ ಇದೆ, ತಲೆಕಟ್ಟು ಒಂದು ಬ್ಯಾರೆ" ಎಂದು ನಕ್ಕಳು. ಅವಳಿಗೆ ಯಾರೂ ಹೇಳದಿದ್ದ ಸತ್ಯ ಅದು. ಕದಂಬರ ಕಾಲದ ಲಿಪಿಯಿಂದ ಬೆಳೆದು, ಬಹುಕಾಲ ಒಂದೇ ಆಗಿದ್ದು, ಆಮೇಲೆ ಎರಡಾದ ಅಕ್ಕತಂಗಿಯರು ಈ ಎರಡು ಲಿಪಿಗಳು. ತೆಲುಗು ಓದಬಲ್ಲ ಮಗುವಿಗೆ ಕನ್ನಡದ ಅರ್ಧ ಅಕ್ಷರಮಾಲೆ ಆಗಲೇ ಬಂದಿರುತ್ತದೆ! ಕಾಯಿದೆ ಕಲಿಸಿದ ತೆಲುಗೇ ಅವಳಿಗೆ ಕನ್ನಡದ ಮೆಟ್ಟಿಲಾಯಿತು.

ಚಿತ್ರ ಮುಗಿದು ಹೊರಬಂದ ಮೇಲೆ ಅವಳು ಆಟದ ಗುಂಗಿನಲ್ಲಿಯೇ ಇದ್ದಳು. ಆದರೆ ಆಟ ಚಿತ್ರದ್ದಲ್ಲ, ಅಕ್ಷರದ್ದು. ಬೀದರಿನ ಬಸ್ ನಿಲ್ದಾಣದವರೆಗೂ ಅಂಗಡಿಯ ಫಲಕಗಳನ್ನು ಓದುತ್ತ ಬಂದಳು. ಬಸ್ಸಿನಲ್ಲಿ ಅಜ್ಜಿಯ ಹೆಸರನ್ನು ಟಿಕೆಟ್ಟಿನ ಹಿಂದೆ ಕನ್ನಡದಲ್ಲಿ ಬರೆದು ತೋರಿಸಿದಳು. ನಮ್ಮ ತಾಯಿಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಮ್ಮ ಹೆಸರು ಹೀಗಿರುತ್ತದೆಯೆ ಎಂದು ಆ ಚೀಟಿಯನ್ನು ತಿರುತಿರುಗಿಸಿ ನೋಡಿ, ಸೆರಗಿನ ತುದಿಗೆ ಗಂಟುಹಾಕಿಕೊಂಡರು. ಒಂದು ಚಿತ್ರಕ್ಕೆ ಎರಡು ಸಲ ತೆತ್ತ ಹಣದ ದುಃಖ ನಮಗೆ ಅಲ್ಲಿಗೆ ಹೋಯಿತು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಬೀದರಿಗೆ ಹೋಗಿಬರಲು ಒಂದು ದಿನ ಬೇಕು, ಬಸ್ಸಿನ ಖರ್ಚು ಬೇಕು. ಕೂಲಿಯ ಮನೆಗೆ ಇದು ಆಗದ ಮಾತು ಎನ್ನುವರು. ನಿಜ. ಪ್ರತಿ ಚಿತ್ರಕ್ಕೂ ಹೋಗಿರೆಂದು ನಾವು ಹೇಳುವುದಿಲ್ಲ. ವರ್ಷಕ್ಕೊಂದು ರಜೆ, ಒಂದು ಕನ್ನಡ ಚಿತ್ರ, ಅದೂ ಬಂಧುಗಳ ಮನೆಗೆ ಹೋದಾಗ, ಅಷ್ಟು ಸಾಕು. ಆ ಕರಾವಳಿಯ ಕನ್ನಡ ನಮ್ಮ ಬೀದರಿನ ಕನ್ನಡವಲ್ಲ, ನಮ್ಮ ಮಕ್ಕಳಿಗೆ ತಿಳಿಯುವುದೆ ಎಂದು ಇನ್ನು ಕೆಲವರು. ನಮ್ಮ ತಾಯಿಯವರಿಗೂ ನಾಲ್ಕಾರು ಮಾತು ತಿಳಿಯಲಿಲ್ಲ. ಆದರೂ "ದೂರದ ನಂಟರ ಮಾತು ಇದ್ದಂಗಿದೆ" ಎಂದರು. ಕನ್ನಡವೆಂಬುದು ನಮ್ಮ ಅಡಿಗೆಮನೆಯಷ್ಟೇ ಅಲ್ಲ, ಸಮುದ್ರದವರೆಗೆ ಹರಡಿರುವ ನಾಡಿನ ನುಡಿ ಎಂದು ಮಗುವಿಗೆ ತಿಳಿಯುವುದು ಲಾಭವಲ್ಲದೆ ನಷ್ಟವಲ್ಲ.

ಮೂರನೆಯ ಆಕ್ಷೇಪಣೆ ಸೂಕ್ಷ್ಮವಾದದ್ದು. ಹೀಗೆ ಬೇರೆಯಾಗಿ ನೋಡಿದರೆ ನೆರೆಯವರು ಏನಂದುಕೊಂಡಾರು ಎಂಬುದು. ಚಿತ್ರ ಬರುವ ಮುನ್ನ ಹೈದರಾಬಾದಿನ ಸಮಾರಂಭದಲ್ಲಿ ರಿಷಬ್ ಶೆಟ್ಟಿಯವರು ಕನ್ನಡದಲ್ಲಿ ಮಾತನಾಡಿದುದಕ್ಕೆ ಕೆಲವರು ಮುನಿದರು. ಅಂತಹ ಮುನಿಸು ಎಲ್ಲ ನಾಡಿನಲ್ಲಿಯೂ ಇರುವುದೇ, ಕರ್ನಾಟಕದಲ್ಲಿಯೂ ಉಂಟು. ನಾವು ಮಾತ್ರ ಅದರಲ್ಲಿ ಪಾಲುಗೊಳ್ಳಬೇಕಾಗಿಲ್ಲ. ನಮ್ಮ ಸೂತ್ರ ಇಷ್ಟೇ: ತೆಲುಗು ಚಿತ್ರವನ್ನು ತೆಲುಗಿನಲ್ಲಿ ನೋಡೋಣ, ಕನ್ನಡ ಚಿತ್ರವನ್ನು ಕನ್ನಡದಲ್ಲಿ ನೋಡೋಣ. ತೆಲುಗು ಚಿತ್ರವನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸಿರೆಂದು ಕೇಳುವ ಅಗತ್ಯ ಬೇರೆ ಕನ್ನಡಿಗರಿಗಿದ್ದೀತು, ನಮಗಿಲ್ಲ. ಇದರಲ್ಲಿ ಇಬ್ಬರಿಗೂ ಮರ್ಯಾದೆಯಿದೆ. ತಮಿಳಿನ 'ಇಡ್ಲಿ ಕಡೈ'ಯ ಬೀಗದ ಕೈ ನಮ್ಮಲ್ಲಿಲ್ಲ. ಅದನ್ನು ತೆಲುಗಿನಲ್ಲಿ ನೋಡಿ ಸಂತೋಷಪಡೋಣ. ಡಬ್ಬಿಂಗು ಇರುವುದು ಕೈಯಿಲ್ಲದವರಿಗಾಗಿ. ಕೈಯಿದ್ದೂ ಬಾಗಿಲಿನ ಹೊರಗೆ ನಿಲ್ಲುವುದು ಎಂತಹ ಬುದ್ಧಿ?

ಇನ್ನು ಕಿರಿಯ ಮಕ್ಕಳ ಮಾತು. ಹಬ್ಬದ ವಾರದ ದೊಡ್ಡ ಚಿತ್ರಗಳಲ್ಲಿ ಅವರಿಗೆ ತಕ್ಕದ್ದು ಇರುವುದೇ ಅಪರೂಪ. ಹೊಸದೇ ಆಗಬೇಕೆಂಬ ಹಟವನ್ನು ಬಿಟ್ಟರೆ ಕನ್ನಡದಲ್ಲಿ ಒಳ್ಳೆಯ ದಾಸ್ತಾನಿದೆ. ಟಿ.ಎಸ್. ನಾಗಾಭರಣರ 'ಚಿನ್ನಾರಿ ಮುತ್ತ', ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರರು ಮಾಡಿದ 'ಕೊಟ್ರೇಶಿ ಕನಸು' ಇವೆ. ಎಲ್ಲಕ್ಕಿಂತ ಹೆಚ್ಚಾಗಿ, 'ಕಾಂತಾರ'ಕ್ಕೆ ಮೊದಲು ಇದೇ ರಿಷಬ್ ಶೆಟ್ಟಿಯವರು 2018ರಲ್ಲಿ ಮಾಡಿದ 'ಸರಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಇದೆ. ಕನ್ನಡ ಶಾಲೆಯೊಂದಕ್ಕೆ ಕನ್ನಡ ಬಾರದ ಮೇಷ್ಟ್ರು ಬರುವುದು, ಶಾಲೆ ಮುಚ್ಚುವ ಪ್ರಸಂಗ ಒದಗುವುದು, ಮಕ್ಕಳು ನಗುನಗುತ್ತಲೇ ಹೋರಾಡುವುದು ಅದರ ಕಥೆ. ಅನಂತನಾಗರು ಮಕ್ಕಳ ಪರವಾಗಿ ವಾದಿಸುತ್ತಾರೆ. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆಯಿತು. ಕಾಸರಗೋಡು ಕೇರಳಕ್ಕೆ ಸೇರಿದ್ದೂ ನಾವು ಆಂಧ್ರಕ್ಕೆ ಸೇರಿದ್ದೂ ಒಂದೇ ದಿನ. ಆ ಮಕ್ಕಳ ಕಥೆಯನ್ನು ನಮ್ಮ ಮಕ್ಕಳು ನೋಡದಿದ್ದರೆ ಮತ್ತಾರು ನೋಡಬೇಕು?

ಆದುದರಿಂದ ಸಂಘದ ಮುಂದೆ ನಮ್ಮವು ಮೂರು ಸೂಚನೆಗಳು. ಪ್ರತಿ ದಸರೆಯ ರಜೆಯಲ್ಲಿ ಒಂದು ದಿನ, ನಿರ್ಮಾಪಕರ ಅನುಮತಿ ಪಡೆದು, ಕನ್ನಡದ ಒಂದು ಮಕ್ಕಳ ಚಿತ್ರವನ್ನು ಇಲ್ಲಿ ತೋರಿಸುವುದು. ಸಾಧ್ಯವಾದರೆ ಕೆಳಗೆ ಕನ್ನಡದ ಅಕ್ಷರಗಳಲ್ಲಿಯೇ ಮಾತುಗಳು ಮೂಡುವಂತಹದನ್ನು. ಆಡಿದ ಮಾತು ಅಕ್ಷರವಾಗಿ ಕಣ್ಣಿಗೆ ಬಿದ್ದಾಗ ಓದು ತಾನಾಗಿ ಹತ್ತುತ್ತದೆ. ಎರಡನೆಯದು, ಬೀದರಿನಲ್ಲಿ ದೊಡ್ಡ ಕನ್ನಡ ಚಿತ್ರ ಬಂದಾಗ, ಅದರ ವಯಸ್ಸಿನ ಗುರುತನ್ನು ನೋಡಿಕೊಂಡು, ಹತ್ತು ಮನೆಗಳು ಕೂಡಿ ಒಂದು ಗಾಡಿ ಮಾಡಿಕೊಂಡು ಹೋಗುವುದು, ಖರ್ಚು ಹಂಚಿಹೋಗುತ್ತದೆ. ಮೂರನೆಯದು, ಅದೇ ರಜೆಯ ವಾರದಲ್ಲಿ ತೆಲುಗು ಬಲ್ಲ ಮಕ್ಕಳಿಗೆ ಕನ್ನಡದ ಅಕ್ಷರಗಳನ್ನು ದಿನಕ್ಕೊಂದು ಗಂಟೆಯಂತೆ ಕಲಿಸುವುದು. ಪಠ್ಯಪುಸ್ತಕ ಬೇಕಾಗಿಲ್ಲ; ಚಿತ್ರದ ಭಿತ್ತಿಪತ್ರವೇ ಮೊದಲ ಪಾಠವಾಗಲಿ.

ದಸರೆಯ ಸಂಜೆ ನಾವು ಊರ ಹೊರಗೆ ಹೋಗಿ ತರುವ ಎಲೆಯನ್ನು ನಮ್ಮ ಮನೆಗಳಲ್ಲಿ ಬನ್ನಿ ಎನ್ನುತ್ತೇವೆ, ನೆರೆಮನೆಯವರು ಜಮ್ಮಿ ಎನ್ನುತ್ತಾರೆ. ಕೈಯಿಂದ ಕೈಗೆ ಕೊಡುವಾಗ ಎರಡೂ ಬಂಗಾರವೇ. ಅಂದು ಕಾಣಬೇಕೆಂದು ಎಲ್ಲರೂ ಹುಡುಕುವ ಹಕ್ಕಿ ಅವರಿಗೆ ಪಾಲಪಿಟ್ಟ, ನಮಗೆ ನೀಲಕಂಠ; ಎರಡು ರಾಜ್ಯಗಳಿಗೂ ಅದೇ ರಾಜ್ಯಪಕ್ಷಿ. ನಮ್ಮ ಮಕ್ಕಳು ಆ ಹಕ್ಕಿಯನ್ನು ಎರಡು ಹೆಸರಿನಿಂದಲೂ ಕರೆಯಬಲ್ಲವರಾಗಿ ಉಳಿಯಲಿ ಎಂಬುದಿಷ್ಟೇ ನಮ್ಮ ಆಸೆ. ಮುಂದಿನ ರಜೆಯಲ್ಲಿ ಟಿಕೆಟ್ ಕೊಳ್ಳುವಾಗ ಚಿತ್ರದ ಹೆಸರಿನ ಕೆಳಗಣ ಚಿಕ್ಕ ಅಕ್ಷರಗಳನ್ನು ದಯವಿಟ್ಟು ಓದಿರೆಂದು ಪ್ರಾರ್ಥಿಸುತ್ತೇವೆ.